ಕೋವಿಯಿಲ್ಲದ ನಲವತ್ತು ಟ್ರಿಗರ್

ಮಲೇಷ್ಯಾದ ಕ್ಲಾಂಗ್ ಬಂದರಿನಲ್ಲಿ ಕೆಲಸ ಸಿಕ್ಕಿದೆ ಅಂತ ವರ್ಷಕ್ಕೆ ಒಬ್ಬಿಬ್ಬರಾದರೂ ಕನ್ನಡದ ಹುಡುಗ ಹುಡುಗಿಯರು ಪೆಟಾಲಿಂಗ್ ಜಯಾದ ನಮ್ಮ ಮನೆಗೆ ಬರುತ್ತಾರೆ. ಎಂ.ಬಿ.ಎ. ಮಾಡಿರುತ್ತಾರೆ. ನಾವು ಸರಕು ಬಿಡಿಸುವುದು ಅನ್ನುತ್ತಿದ್ದ ಕೆಲಸಕ್ಕೆ ಸಪ್ಲೈ ಚೈನ್ ಸಲ್ಯೂಶನ್ಸ್ ಅನ್ನುತ್ತಾರೆ. ಚಹಾ ಕುಡಿದು, ಚೂಡಾ ತಿಂದು, "ಆಂಟಿ, ಏನಾದ್ರೂ ಟಿಪ್ಸ್ ಕೊಡಿ" ಅನ್ನುತ್ತಾರೆ. ಬಾಯಲ್ಲಿ ಹೇಳಿದರೆ ಫೋನು ನೋಡುತ್ತ ಹೂಂಗುಡುತ್ತಾರೆ. ಅದಕ್ಕೇ ಬರೆದೇ ಬಿಡೋಣ ಅಂತ ಕೂತಿದ್ದೇನೆ. ಹುಬ್ಬಳ್ಳಿಯವಳ ಬಾಯಿ, ಸ್ವಲ್ಪ ಖಾರ ಇರುತ್ತದೆ, ತಡೆದುಕೊಳ್ಳಿ.

ಹಡಗು ಎಷ್ಟು ದೊಡ್ಡದು, ಕ್ರೇನು ಎಷ್ಟು ಎತ್ತರ ಅನ್ನುವುದನ್ನೆಲ್ಲ ಕಂಪನಿಯವರೇ ತೋರಿಸುತ್ತಾರೆ, ತಲೆಗೆ ಹೆಲ್ಮೆಟ್ ಇಟ್ಟು ಫೋಟೋನೂ ತೆಗೆಯುತ್ತಾರೆ. ನಿಜವಾದ ಕೆಲಸ ಒಂದೇ ಪ್ರಶ್ನೆಯದು. ಮೇಜಿನ ಆಚೆ ಕೂತ ಕಸ್ಟಮ್ಸ್ ಅಧಿಕಾರಿ ನಿಮ್ಮ ಪೆಟ್ಟಿಗೆಯತ್ತ ಬೆರಳು ತೋರಿಸಿ "ಇದೇನು?" ಅನ್ನುತ್ತಾನೆ. ನನ್ನ ಇಡೀ ನೌಕರಿ ಆ ಪ್ರಶ್ನೆಗೆ ಉತ್ತರ ಕೊಡುವುದರಲ್ಲೇ ಮುಗಿಯಿತು.

ಒಮ್ಮೆ ಕೊಯಮತ್ತೂರಿನಿಂದ ಹೋಟೆಲಿನ ದೊಡ್ಡ ಇಡ್ಲಿ ಪಾತ್ರೆಗಳು ಬಂದವು. "ಇದೇನು?" ಇಡ್ಲಿ ಪಾತ್ರೆ. "ಒಳಗೆ ಉಗಿ ಬರುತ್ತದೋ?" ಬರುತ್ತದೆ. "ಹಾಗಾದರೆ ಬಾಯ್ಲರ್. ಬಾಯ್ಲರ್ ಇನ್ಸ್‌ಪೆಕ್ಟರರ ಸರ್ಟಿಫಿಕೇಟ್ ತನ್ನಿ." ನಮ್ಮ ಬಾಸ್ ಸೆಲ್ವರಾಜ್ ಇಲ್ಲೇ ಹುಟ್ಟಿ ಬೆಳೆದ ತಮಿಳರು. ಏನೇ ಆಗಲಿ "ನೋ ಪ್ರಾಬ್ಲಂ ಲಾ" ಅನ್ನುವ ಮನುಷ್ಯ; ಈ ಲಾ ಇಲ್ಲಿನವರ ಮಾತಿನ ಬಾಲ, ನಮ್ಮ ಕಣೋ ಇದ್ದ ಹಾಗೆ. ಅವರು ಹಾಗಂದ ಕೂಡಲೇ ನಾವೆಲ್ಲ ಹೆದರಲು ಶುರು ಮಾಡುತ್ತಿದ್ದೆವು. ಆವತ್ತೂ "ನೋ ಪ್ರಾಬ್ಲಂ ಲಾ" ಅಂದು, ಬಿಸಿ ಇಡ್ಲಿ ಸಾಂಬಾರ್ ತಪಾವ್, ಅಂದರೆ ಪಾರ್ಸಲ್, ಮಾಡಿಸಿಕೊಂಡು ಹೋಗಿ ಅಧಿಕಾರಿಯ ಮುಂದೆ ಬಿಚ್ಚಿದರು. ಆ ಪುಣ್ಯಾತ್ಮ ನಾಲ್ಕು ಇಡ್ಲಿ ತಿಂದ, ಇನ್ನೊಂದು ಸಲ ಸಾಂಬಾರ್ ಕೇಳಿದ, ಕೈ ತೊಳೆದು ಬಂದು "ರುಚಿ ಚೆನ್ನಾಗಿದೆ. ಬಾಯ್ಲರ್ ಬಾಯ್ಲರೇ" ಅಂದ. ಪಾತ್ರೆಗಳು ವಾರಗಟ್ಟಲೆ ಬಾಯ್ಲರ್ ಆಗಿಯೇ ಉಳಿದವು.

ಕಂಪ್ಯೂಟರ್ ಬಂದ ಮೇಲೆ ಎಲ್ಲ ಸುಧಾರಿಸಿತು ಅಂತ ನಿಮ್ಮ ಟ್ರೇನಿಂಗಿನಲ್ಲಿ ಹೇಳುತ್ತಾರೆ. ಸುಧಾರಿಸಿದ್ದು ಹೌದು. ಮೊದಲು "ನಾಳೆ ಬಾ" ಅಂತ ಮುಖ ನೋಡಿ ಹೇಳುತ್ತಿದ್ದರು, ನಾವು ಒಂದು ಜಗಳವನ್ನಾದರೂ ಮಾಡಬಹುದಿತ್ತು. ಈಗ ತೆರೆಯ ಮೇಲೆ "ಪೆಂಡಿಂಗ್" ಅಂತ ಬರುತ್ತದೆ. ಅದರ ಜೊತೆ ಯಾರು ಜಗಳ ಮಾಡಬೇಕು ಹೇಳಿ?

ಇರಲಿ. ನಾನು ಹೇಳಬೇಕೆಂದಿದ್ದು ಇಮ್ತಿಯಾಜನ ವಿಷಯ.

ಇಮ್ತಿಯಾಜ್ ಭಟ್ಕಳದ ಹುಡುಗ. ನನ್ನ ಕೈಕೆಳಗೆ ಕಾಗದಪತ್ರ ನೋಡಿಕೊಳ್ಳುತ್ತಿದ್ದ. ಚುರುಕು, ಪ್ರಾಮಾಣಿಕ, ಯಾರು ಏನು ಹೇಳಿದರೂ "ಆಯ್ತು" ಅನ್ನುವ ಸ್ವಭಾವ. ನನ್ನನ್ನು ಅಕ್ಕ ಅನ್ನುತ್ತಿದ್ದ. ಹೆಂಡತಿ ನಫೀಸಾ ಚೊಚ್ಚಲ ಹೆರಿಗೆಗೆ ಭಟ್ಕಳಕ್ಕೆ ತಾಯಿಮನೆಗೆ ಹೋಗಿದ್ದಳು. ಹೆರಿಗೆ ಹೊತ್ತಿಗೆ ಬಂದೇ ಬರುತ್ತೇನೆ ಅಂತ ಮಾತು ಕೊಟ್ಟು ಕಳಿಸಿದ್ದ, ರಜೆನೂ ಮಂಜೂರಾಗಿತ್ತು. ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಫೋನಿನಲ್ಲಿ ಅವಳ ಹೊಟ್ಟೆ ನೋಡಿ ನಗುತ್ತಿದ್ದ, ನನಗೂ ತೋರಿಸುತ್ತಿದ್ದ. "ಅಲ್ಲೋ ಹುಚ್ಚಪ್ಪ, ಹೆಂಡ್ತಿ ಹೊಟ್ಟಿ ಊರಿಗೆಲ್ಲಾ ತೋರಿಸ್ತಾರೇನೋ?" ಅಂತ ಬೈಯುತ್ತಿದ್ದೆ, ನೋಡುತ್ತಲೂ ಇದ್ದೆ.

ಆಗ ಬಂತು ಮಿಸ್ಟರ್ ಟಾನ್ ಅವರ ಪೆಟ್ಟಿಗೆ. ಟಾನ್ ವಯಸ್ಸಾದ ಚೀನೀ ವ್ಯಾಪಾರಿ. ಗುರಿ ಹೊಡೆಯುವ ಕ್ಲಬ್ಬಿನವರಿಗೆ ಕೋವಿ, ಮದ್ದು ಮಾರಲು ಸರಕಾರದ ಲೈಸೆನ್ಸ್ ಇದ್ದವರು. ಕೋವಿಯ ಜೊತೆ ಕಂಪನಿಯಿಂದ ಬರುವ ಟ್ರಿಗರ್ ಗಡುಸಾಗಿರುತ್ತದಂತೆ, ಎಳೆಯುವಾಗ ಕೈ ಅಲುಗಿ ಗುರಿ ತಪ್ಪುತ್ತದಂತೆ. ಹಾಗಾಗಿ ಪಂದ್ಯಕ್ಕೆ ಹೋಗುವವರು ಹಗುರವಾಗಿ ಎಳೆಯಬಲ್ಲ ಬೇರೆ ಕಂಪನಿಯ ಟ್ರಿಗರ್ ಕೊಂಡು ಹಾಕಿಸಿಕೊಳ್ಳುತ್ತಾರೆ. ಕಂಪನಿ ಸೀಟು ಬೇಡ ಅಂತ ಸ್ಕೂಟರಿಗೆ ಮೆತ್ತನೆಯ ಸೀಟು ಹಾಕಿಸುತ್ತಾರಲ್ಲ, ಹಾಗೆ. ಅಂಥ ನಲವತ್ತು ಟ್ರಿಗರ್ ಅಮೆರಿಕದಿಂದ ಬಂದಿದ್ದವು. ಬೆರಳುದ್ದದ ಕಬ್ಬಿಣದ ಕೊಕ್ಕೆ, ಅದಕ್ಕೊಂದು ಸ್ಪ್ರಿಂಗು, ಅಷ್ಟೇ.

ಕಾಗದದಲ್ಲಿ ಇದ್ದದ್ದು ಇದ್ದಂತೆಯೇ ಬರೆದಿದ್ದೆವು. ತಪಾಸಣೆಯ ಮೇಜಿನ ಅಧಿಕಾರಿ ಓದಿ, "ಪೆಟ್ಟಿಗೆ ಎಲ್ಲಿ? ತಗೊಂಡು ಬಾ" ಅಂದ. ಇಮ್ತಿಯಾಜ್ "ಆಯ್ತು" ಅಂದು ಗೋದಾಮಿಗೆ ಹೋಗಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟ. ಅವನು ಮಾಡಿದ್ದು ಇಷ್ಟೇ.

"ಇದೇನು?"

ಮಲೇಷ್ಯಾದಲ್ಲಿ ಕೋವಿ ಅಂದರೆ ತಮಾಷೆಯಲ್ಲ, ನೇಣಿನವರೆಗೂ ಹೋಗುವ ಮಾತು. ಕಾನೂನಿನಲ್ಲಿ ಕೋವಿಯ ಭಾಗವೂ ಕೋವಿಯೇ. ಅಧಿಕಾರಿ ಪೆಟ್ಟಿಗೆಯಿಂದ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ. ಅವನು ಎರಡನೆಯ ಕಚೇರಿಗೆ ಬರೆದ. ಅವರು ಮೂರನೆಯ ಕಚೇರಿಗೆ ಬರೆದರು. ಕಚೇರಿಗಳ ಹೆಸರು ಹೇಳುವುದಿಲ್ಲ, ಅಲ್ಲಿ ಇವತ್ತಿಗೂ ನನಗೆ ಚಹಾ ಕೊಡುವ ಜನ ಇದ್ದಾರೆ.

ಎರಡನೆಯ ಕಚೇರಿಯವರ ವಾದ ಕೇಳಿ. ಟ್ರಿಗರ್ ಅಂದರೆ ಕೋವಿ. ಪ್ರತಿ ಕೋವಿಗೂ ನಂಬರು ಇರಬೇಕು. ಇವುಗಳ ಮೇಲೆ ನಂಬರಿಲ್ಲ. ಅಂದಮೇಲೆ ಇವು ನಂಬರು ಅಳಿಸಿದ ಕೋವಿಗಳು. ನಂಬರು ಅಳಿಸುವವರು ಯಾರು? ಕಳ್ಳರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತಲ್ಲ, ಇವರು ಕಟ್ಟಿ, ಹಾಲು ಕರೆಯಲು ತಂಬಿಗೆಯನ್ನೂ ತಂದರು.

ಮಿಸ್ಟರ್ ಟಾನ್ ಮಾತ್ರ ನಿರಾಳ. ಕಚೇರಿಗೆ ಬಂದು ಕಾಲ ಮೇಲೆ ಕಾಲು ಹಾಕಿ ಕೂತು ಹೇಳಿದರು: "ಇದು ಕೋವಿಯಾದರೆ ನನಗೆ ಕೋವಿಯ ಲೈಸೆನ್ಸ್ ಇದೆ. ಕೋವಿಯಲ್ಲದಿದ್ದರೆ ಲೈಸೆನ್ಸೇ ಬೇಡ. ನನಗೇನು ಲಾ?"

ಮಾತು ಸರಿಯಾಗಿಯೇ ಇತ್ತು. ಅಷ್ಟು ಸರಿ ಇದ್ದದ್ದೇ ಇಮ್ತಿಯಾಜನ ಗ್ರಹಚಾರವಾಯಿತು. ಲೈಸೆನ್ಸ್ ಇದ್ದವನ ಮೇಲೆ ಕೇಸು ನಿಲ್ಲುವುದಿಲ್ಲ. ಹಾಗಾದರೆ ಲೈಸೆನ್ಸ್ ಇಲ್ಲದೆ ನಲವತ್ತು ಕೋವಿಗಳನ್ನು ಗೋದಾಮಿನಿಂದ ಮೇಜಿನ ತನಕ ಹೊತ್ತು ತಂದವನು ಯಾರು?

ಎರಡನೆಯ ಕಚೇರಿಯ ಇನ್ಸ್‌ಪೆಕ್ಟರಿಗೆ ಹಮ್ದಾನ್ ಅಂತ ಹೆಸರಿಟ್ಟುಕೊಳ್ಳೋಣ. ದಪ್ಪ ಮೀಸೆ, ಒಳ್ಳೆಯ ಮನುಷ್ಯ, ನಿಯಮ ಅಂದರೆ ಪ್ರಾಣ. ಇಮ್ತಿಯಾಜನನ್ನು ಕರೆಸಿ, ಕೂರಿಸಿ, ನೀರು ಕೊಟ್ಟು, ಪಾಸ್‌ಪೋರ್ಟ್ ಇಸಿದುಕೊಂಡು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದ. ತನಿಖೆ ಮುಗಿಯುವ ತನಕ ದೇಶ ಬಿಡುವಂತಿಲ್ಲ ಅಂದ.

ಹುಡುಗ ಬಂದು ನನ್ನ ಮೇಜಿನ ಮುಂದೆ ನಿಂತ. ಮುಖದಲ್ಲಿ ರಕ್ತವೇ ಇಲ್ಲ. "ಅಕ್ಕ, ನಾನು ಎಂತ ಮಾಡಿದ್ದು ಮಾರಾಯ್ರೆ? ತಗೊಂಡು ಬಾ ಅಂದ್ರು, ತಂದೆ. ಈಗ ಹೊತ್ತದ್ದೇ ತಪ್ಪು ಅಂತಾರೆ. ನಫೀಸಾಗೆ ಎಂತ ಹೇಳೂದು?"

"ಹೆದರಬ್ಯಾಡೋ ತಮ್ಮಾ, ನಾ ಇದ್ದೇನಲ್ಲ" ಅಂದೆ. ಅಂದೆನೇ ಹೊರತು ಏನು ಮಾಡಬೇಕೆಂದು ನನಗೂ ಗೊತ್ತಿರಲಿಲ್ಲ. ಸೆಲ್ವರಾಜ್ ಬಂದು ಇಮ್ತಿಯಾಜನ ಬೆನ್ನು ತಟ್ಟಿ "ನೋ ಪ್ರಾಬ್ಲಂ ಲಾ" ಅಂದರು. ಹುಡುಗ ಅತ್ತೇಬಿಟ್ಟ.

ಮುಂದೆ ಇನ್ನೂ ಒಂದು ಸೊಗಸು ನಡೆಯಿತು. ಮೂರನೆಯ ಕಚೇರಿಯ ಒಬ್ಬ ತರುಣ ಅಧಿಕಾರಿ ಇಂಟರ್ನೆಟ್ಟಿನಲ್ಲಿ ಓದಿಬಿಟ್ಟ. ಅಮೆರಿಕದಲ್ಲಿ ಒಂದು ಬಗೆಯ ಟ್ರಿಗರ್ ಇದೆಯಂತೆ, ಅದನ್ನು ಹಾಕಿದರೆ ಸಾಧಾರಣ ಕೋವಿಯೂ ಮಷಿನ್ ಗನ್ನಿನಂತೆ ಹೊಡೆಯುತ್ತದಂತೆ, ಅದರ ಮೇಲೆ ಅಲ್ಲಿ ಜಗಳವೋ ಜಗಳವಂತೆ. ನಮ್ಮದೂ ಆ ಜಾತಿಯದ್ದೇ? ಟಾನ್ ತಲೆ ತಲೆ ಚಚ್ಚಿಕೊಂಡರು. "ಅದು ಬೇರೆ, ಇದು ಬೇರೆ! ಇದು ಕಾಗದದ ಗುರಿಗೆ ಹೊಡೆಯುವ ಮುದುಕರಿಗೆ!" ಕಚೇರಿ ಹೇಳಿತು, ಪರೀಕ್ಷೆ ಮಾಡಿ ನೋಡೋಣ.

ಪರೀಕ್ಷೆ ಹೇಗೆ? ಕೋವಿಗೆ ಹಾಕಿ ನೋಡಬೇಕು. ಕೋವಿಗೆ ಹಾಕಿದರೆ ಏನಾಗುತ್ತದೆ? ಒಪ್ಪಿಗೆಯಿಲ್ಲದ ಟ್ರಿಗರನ್ನು ಕೋವಿಗೆ ಹಾಕುವುದೇ ಅಪರಾಧ. ಒಪ್ಪಿಗೆ ಯಾವಾಗ ಸಿಗುತ್ತದೆ? ಪರೀಕ್ಷೆಯಾದ ಮೇಲೆ. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು. ಈ ಮಾತನ್ನು ನಾನು ಮಲಯದಲ್ಲಿ ಹಮ್ದಾನ್‌ಗೆ ವಿವರಿಸಿದೆ. ಅವನು ಗಂಭೀರವಾಗಿ ಕೇಳಿ, "ಪುವಾನ್, ಈ ಕೇಸಿನಲ್ಲಿ ಮದುವೆಯ ವಿಷಯವೂ ಇದೆಯೇ?" ಅಂದ. ಪುವಾನ್ ಅಂದರೆ ಅಮ್ಮಾವ್ರೇ ಅಂದ ಹಾಗೆ.

ಅಷ್ಟರಲ್ಲಿ ನಫೀಸಾಗೆ ದಿನ ತುಂಬುತ್ತ ಬಂದಿತ್ತು. ಇಮ್ತಿಯಾಜ್ ಅವಳಿಗೆ ನಿಜ ಹೇಳಿರಲಿಲ್ಲ, ಆಫೀಸಿನಲ್ಲಿ ಆಡಿಟ್ ಇದೆ ಅಂದಿದ್ದ. ಅವಳು ನನಗೇ ಫೋನ್ ಮಾಡಿ, "ಅಕ್ಕ, ನೀವಾದ್ರೂ ಹೇಳಿ, ಇವ್ರಿಗೆ ಅಲ್ಲಿ ಬೇರೆ ಯಾರಾದ್ರೂ ಇದಾರಾ?" ಅಂತ ಕೇಳಿದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಇಲ್ಲವ್ವಾ, ಇರೂದೆಲ್ಲಾ ಮೀಸಿ ಇದ್ದವರಽ" ಅಂದೆ.

ಕೊನೆಗೆ ಮೂರೂ ಕಚೇರಿಯವರು ಸೇರಿ ಒಂದು ಸಭೆ ಕರೆದರು. ಉದ್ದ ಮೇಜು, ಏರ್‌ಕಂಡೀಷನ್ ಚಳಿ, ಎಲ್ಲರ ಮುಂದೆ ತೆಹ್ ತಾರಿಕ್ ಅನ್ನುವ ನೊರೆ ಚಹಾ. ನಡುವೆ ಒಂದು ಚಹಾ ಬಸಿ, ಅದರಲ್ಲಿ ಒಂದು ಟ್ರಿಗರ್. ಗುಮಾಸ್ತೆಯೊಬ್ಬಳು ಲ್ಯಾಪ್‌ಟಾಪಿನಲ್ಲಿ ಸಭೆಯ ನಡಾವಳಿ ಟೈಪು ಮಾಡುತ್ತಿದ್ದಳು. ನಮ್ಮ ಕಡೆಯಿಂದ ನಾನೊಬ್ಬಳೇ. ಊಟದ ಹೊತ್ತಿನ ತನಕ ಅವರು ಆ ಬಸಿಯನ್ನೇ ನೋಡುತ್ತ, ಅದು ಗುಂಡು ಹಾರಿಸಬಲ್ಲುದೋ ಇಲ್ಲವೋ ಅಂತ ಮಾತಾಡಿದರು. ನನಗೆ ತಲೆ ಕೆಟ್ಟುಹೋಯಿತು. ಎದ್ದು ನಿಂತೆ.

"ಸ್ವಾಮಿ, ಕೋವಿ ಎಲ್ಲಿದೆ? ಗುಂಡು ಎಲ್ಲಿದೆ? ಇದನ್ನು ಎಳೆದರೆ ಏನಾಗುತ್ತದೆ ನೋಡಿ!" ಅಂತ ಬಸಿಯಿಂದ ಟ್ರಿಗರನ್ನು ಎತ್ತಿ, ಅವರ ಕಡೆ ಹಿಡಿದು ಎಳೆದೆ.

ಟಿಕ್ ಅಂತು.

ಹಮ್ದಾನ್ ಮೇಜಿನ ಕೆಳಗೆ ಹೋದ. ಅಷ್ಟು ದೊಡ್ಡ ಮನುಷ್ಯ ಅಷ್ಟು ಬೇಗ ಅಷ್ಟು ಚಿಕ್ಕ ಜಾಗದಲ್ಲಿ ಹೇಗೆ ಹಿಡಿದನೋ ದೇವರೇ ಬಲ್ಲ. ಇನ್ನೊಬ್ಬ ಫೈಲು ಎತ್ತಿ ಮುಖಕ್ಕೆ ಅಡ್ಡ ಹಿಡಿದ. ಮೂರನೆಯವನ ತೆಹ್ ತಾರಿಕ್ ಅವನ ಅಂಗಿಯ ಮೇಲಾಯಿತು. ಗುಮಾಸ್ತೆ ಒಬ್ಬಳೇ ಅಲುಗಾಡದೆ ಟೈಪು ಮಾಡುತ್ತಿದ್ದಳು.

ಗೆದ್ದೆ ಅಂದುಕೊಂಡು ಮನೆಗೆ ಬಂದು ಶಾವಿಗೆ ಪಾಯಸ ಮಾಡಿದೆ. ಮಾರನೆಯ ದಿನ ನಡಾವಳಿ ಬಂತು. "ಪುವಾನ್ ಸುಮಿತ್ರಾ ಅವರು ಟ್ರಿಗರ್ ಎಳೆದರು. ಹಾಜರಿದ್ದ ಅಧಿಕಾರಿಗಳು ರಕ್ಷಣೆ ಪಡೆದರು." ಅದರ ಕೆಳಗೆ ಮೂರನೆಯ ಕಚೇರಿಯ ಅಭಿಪ್ರಾಯ: ತರಬೇತಿ ಪಡೆದ ಅಧಿಕಾರಿಗಳೇ ಅದನ್ನು ಆಯುಧವೆಂದು ತಕ್ಷಣ ಗುರುತಿಸಿರುವುದರಿಂದ, ಅದು ಆಯುಧವೇ ಸರಿ. ಕೇಸು ಮುಂದುವರಿಸಬಹುದು.

ಆ ಪಾಯಸವನ್ನು ಯಾರೂ ತಿನ್ನಲಿಲ್ಲ. ನನ್ನಿಂದಲೇ ಹುಡುಗ ಕೆಟ್ಟ ಅಂತ ಸಂಕಟವಾಯಿತು. ಇಮ್ತಿಯಾಜನಿಗೆ ಮುಖ ತೋರಿಸಲು ನಾಚಿಕೆಯಾದರೂ ಕ್ಲಾಂಗಿನ ವಕೀಲೆ ಶ್ಯಾಮಲಾ ಹತ್ತಿರ ಅವನನ್ನು ಕರೆದುಕೊಂಡು ಹೋದೆ. ಅವಳು ಸೆಲ್ವರಾಜರ ತಂಗಿಯ ಮಗಳು, ಚೂಟಿ. ನಡಾವಳಿ ಓದುತ್ತ ಓದುತ್ತ ಬಾಯಿ ಮುಚ್ಚಿಕೊಂಡು ನಗತೊಡಗಿದಳು.

"ಆಂಟಿ, ನೀವು ಕೇಸು ಕೆಡಿಸಿಲ್ಲ, ಗೆದ್ದುಕೊಟ್ಟಿದ್ದೀರಿ. ಕೋರ್ಟಿನಲ್ಲಿ ಮೊದಲ ಸಾಕ್ಷಿ ಇದೇ ಇನ್ಸ್‌ಪೆಕ್ಟರ್. ನಾನು ಅವರ ಕೈಗೆ ಟ್ರಿಗರ್ ಕೊಟ್ಟು ಒಂದೇ ಪ್ರಶ್ನೆ ಕೇಳುತ್ತೇನೆ, ಆವತ್ತು ನೀವು ಎಲ್ಲಿ ಕೂತಿದ್ದಿರಿ? ಪತ್ರಿಕೆಯವರೂ ಇರುತ್ತಾರೆ."

"ಎಷ್ಟು ದಿನ ಹಿಡಿಯುತ್ತದೆ?" ಅಂತ ಇಮ್ತಿಯಾಜ್ ಕೇಳಿದ.

"ತಿಂಗಳುಗಳೇ ಆಗಬಹುದು. ಆದರೆ ಕೈಯಲ್ಲಿ ತೀರ್ಪು ಇರುತ್ತದೆ."

ಅವನು ಬೆರಳು ಮಡಿಸಿ ನಫೀಸಾಳ ದಿನ ಎಣಿಸತೊಡಗಿದ. ನನಗೆ ನೋಡಲಾಗಲಿಲ್ಲ. ಅಲ್ಲಿಂದ ಸೀದಾ ಹಮ್ದಾನ್ ಕೂರುವ ಮಾಮಕ್ ಅಂಗಡಿಗೆ, ಅಂದರೆ ತಮಿಳು ಮುಸಲ್ಮಾನರ ಹೋಟೆಲಿಗೆ, ಹೋದೆ. ಅವನು ರೋಟಿ ಚನಾಯ್ ಹರಿಯುತ್ತಿದ್ದ. ಎದುರಿಗೆ ಕೂತು, ಮೊದಲು ಮಕ್ಕಳು ಮರಿ ವಿಚಾರಿಸಿ, ಆಮೇಲೆ ವಕೀಲೆ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಬೆದರಿಸಲಿಲ್ಲ, ನಗಲೂ ಇಲ್ಲ. ಅವನ ಕೈಯಲ್ಲಿದ್ದ ರೋಟಿ ಅರ್ಧಕ್ಕೇ ನಿಂತಿತು.

"ಪತ್ರಿಕೆಯವರು ಬರುತ್ತಾರಾ?"

"ಬರ್ತಾರಂತ."

"ನನ್ನ ಮಗ ಪೊಲೀಸ್ ಕಾಲೇಜಿನಲ್ಲಿದ್ದಾನೆ, ಪುವಾನ್" ಅಂದ. ಪಾಪ ಅನ್ನಿಸಿತು. ಆಮೇಲೆ ದನಿ ತಗ್ಗಿಸಿ ಹೇಳಿದ: "ಫೈಲು ಮುಚ್ಚಬಹುದು. ಹುಡುಗನ ಪಾಸ್‌ಪೋರ್ಟ್ ನಾಳೆಯೇ ಕೊಡಿಸುತ್ತೇನೆ. ಆದರೆ ಏನನ್ನೂ ಬರೆದು ಕೊಡಲಾಗದು. ಮುಚ್ಚಿದೆ ಅಂತ ಬರೆದರೆ ಕಾರಣ ಬರೆಯಬೇಕು. ಕಾರಣ ಬರೆದರೆ ಆ ಸಭೆಯನ್ನು ಬರೆಯಬೇಕು."

ಎರಡು ತಿಂಗಳಿನಿಂದ ಕಾನೂನು ಮಾಡದ ಕೆಲಸವನ್ನು ಮರ್ಯಾದೆ ಒಂದು ರೋಟಿ ಮುಗಿಯುವುದರಲ್ಲಿ ಮಾಡಿತು. ನಿಮ್ಮ ಎಂ.ಬಿ.ಎ. ಪುಸ್ತಕದಲ್ಲಿ ಇದಕ್ಕೆ ಏನೋ ಹೆಸರಿರಬೇಕು.

ಶ್ಯಾಮಲಾ ಒಪ್ಪಲಿಲ್ಲ. "ಬೇಡ. ಕಾಗದವಿಲ್ಲದೆ ಮುಚ್ಚಿದ ಕೇಸು ಮುಚ್ಚಿದ್ದಲ್ಲ. ನಿಮ್ಮ ಹೆಸರು ಎಲ್ಲೆಲ್ಲಿ ಹೋಗಿ ಕೂತಿದೆಯೋ ಅಲ್ಲೇ ಇರುತ್ತದೆ. ತೆಗೆಯಿರಿ ಅನ್ನಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ" ಅಂತ ಇಮ್ತಿಯಾಜನಿಗೆ ಸ್ಪಷ್ಟವಾಗಿ ಹೇಳಿದಳು. ಅವಳು ಹೇಳಿದ್ದು ಅಕ್ಷರಶಃ ನಿಜ. ನೀವೂ ನೆನಪಿಟ್ಟುಕೊಳ್ಳಿ, ಕೆಲಸ ಮುಗಿಯಿತು ಅಂತ ಯಾರಾದರೂ ಅಂದರೆ, ಮುಗಿಯಿತು ಅಂತ ಬರೆಸಿಕೊಳ್ಳಿ.

ಇಮ್ತಿಯಾಜ್ ನನ್ನ ಕಡೆ ತಿರುಗಿದ. "ಅಕ್ಕ, ನನಗೆ ತೀರ್ಪು ಬೇಡ. ಮಗು ಹುಟ್ಟುವಾಗ ನಾನಲ್ಲಿ ಇರಬೇಕು." ನಾನಾದರೂ ಬೇರೇನು ಹೇಳಬಹುದಿತ್ತು? "ಹೋಗೋ ಯಪ್ಪಾ" ಅಂದೆ.

ಹಮ್ದಾನ್ ಮಾತು ಉಳಿಸಿಕೊಂಡ. ಪಾಸ್‌ಪೋರ್ಟ್ ಮಾರನೆಯ ದಿನವೇ ಬಂತು. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕಂಪ್ಯೂಟರು ಅವನ ಹೆಸರು ಕಂಡು ಕೂಗಿಕೊಂಡಿತು. ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ತೆರೆಯ ಮೇಲಿದ್ದದ್ದು ಇಷ್ಟೇ: ಕೋವಿ, ನಲವತ್ತು, ತನಿಖೆ. ಹಮ್ದಾನ್‌ಗೆ ಫೋನು ಹೋಯಿತು, ಅವನು ಬಾಯಿಮಾತಿನಲ್ಲಿ ಹೇಳಿದ, ಬಿಟ್ಟರು. ಓಡಿ ಹೋಗಿ ವಿಮಾನ ಹಿಡಿದ. ನಫೀಸಾಳ ಕೈ ಹಿಡಿದುಕೊಂಡು ಆಸ್ಪತ್ರೆಗೆ ಹೋದ, ಹೆಣ್ಣುಮಗುವನ್ನು ಮೊದಲು ಎತ್ತಿಕೊಂಡವನೂ ಅವನೇ. ಫೋನಿನಲ್ಲಿ ಅವನು ಅಳುವುದೂ ಮಗು ಅಳುವುದೂ ಒಟ್ಟಿಗೇ ಕೇಳಿಸಿತು. ನಾನು ಪಾಯಸ ಮತ್ತೆ ಮಾಡಿದೆ, ಈ ಸಲ ಆಫೀಸಿನವರೆಲ್ಲ ತಿಂದರು. ಟಾನ್ ಅವರ ಟ್ರಿಗರುಗಳು ಬೀರುವಿನಲ್ಲೇ ಉಳಿದವು. ಅವರು ಬೇಸತ್ತು ಬ್ಯಾಡ್ಮಿಂಟನ್ ರ‍್ಯಾಕೆಟ್ ಮಾರತೊಡಗಿದರು.

ಇಮ್ತಿಯಾಜ್ ಹೆಂಡತಿ ಮಗಳನ್ನು ಕರೆದುಕೊಂಡು ವಾಪಸ್ ಬಂದ. ಬರುವಾಗಲೂ ಆ ಕೋಣೆ. ಮುಂದಿನ ಸಲ ಹೋಗುವಾಗಲೂ ಅದೇ ಕೋಣೆ. ಹಮ್ದಾನ್ ವರ್ಗವಾಗಿ ಹೋದ, ಬಾಯಿಮಾತು ಹೇಳುವವರೂ ಇಲ್ಲವಾದರು. ಅರ್ಜಿ ಹಾಕಿದರೆ, "ಯಾವ ಕೇಸು? ನಮ್ಮಲ್ಲಿ ಅಂಥ ಕೇಸೇ ಇಲ್ಲ" ಅನ್ನುತ್ತಾರೆ. ಕೇಸೇ ಇಲ್ಲದ ಮೇಲೆ ಅದನ್ನು ತೆಗೆಯುವುದು ಹೇಗೆ? ಈಗ ಅವರು ವಿಮಾನಕ್ಕೆ ಐದು ತಾಸು ಮುಂಚೆಯೇ ಹೊರಡುತ್ತಾರೆ.

ನಾನು ನಿವೃತ್ತಳಾದ ವರ್ಷ ಅವರ ಜೊತೆಯಲ್ಲೇ ಊರಿಗೆ ಹೊರಟೆ. ಮಗಳು ಆಯಿಷಾ ಆಗ ಶಾಲೆಗೆ ಹೋಗತೊಡಗಿದ್ದಳು. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಬೆನ್ನಿಗೆ ಪುಟ್ಟ ಚೀಲ, ಅದರಲ್ಲಿ ಬಣ್ಣದ ಪೆನ್ಸಿಲು, ಬಿಸ್ಕತ್ತು, ಕೂರಲು ಒಂದು ಸಣ್ಣ ದಿಂಬು. ಕೌಂಟರಿನಲ್ಲಿ ನನ್ನ ಪಾಸ್‌ಪೋರ್ಟಿಗೆ ಟಪ್ ಅಂತ ಮುದ್ರೆ ಬಿತ್ತು. ಪಕ್ಕದ ಸಾಲಿನಲ್ಲಿ ಅಧಿಕಾರಿ ತೆರೆ ನೋಡಿ, ಇಮ್ತಿಯಾಜನ ಮುಖ ನೋಡಿ, ಎದ್ದು ನಿಂತ. ಯಾರೂ ಏನೂ ಹೇಳುವ ಮೊದಲೇ ನಫೀಸಾ ಚೀಲ ಎತ್ತಿಕೊಂಡಳು. ಮೂವರೂ ಆ ಕೋಣೆಯ ಕಡೆ ನಡೆದರು.

ನಾನು ಅಲ್ಲೇ ನಿಂತಿದ್ದೆ. ಅಳು ಬಂದಿತ್ತು. ಆಯಿಷಾ ಬಾಗಿಲ ಹತ್ತಿರ ಹೋದವಳು ತಿರುಗಿ ನೋಡಿ ನನ್ನ ಹತ್ತಿರ ಓಡಿಬಂದಳು.

"ಆಂಟಿ, ದೇ ಡಿಡಂಟ್ ಕಾಲ್ ಯೂ?"

"ಇಲ್ಲವ್ವಾ."

ಅವಳು ನನ್ನ ಒದ್ದೆ ಕಣ್ಣು ನೋಡಿದಳು. ಚೀಲಕ್ಕೆ ಕೈ ಹಾಕಿ ಒಂದು ಬಿಸ್ಕತ್ತು ತೆಗೆದು ನನ್ನ ಅಂಗೈಯಲ್ಲಿಟ್ಟು, ಸಮಾಧಾನ ಮಾಡುವ ದನಿಯಲ್ಲಿ ಅಂದಳು: "ನೆವರ್ ಮೈಂಡ್ ಲಾ ಆಂಟಿ. ನೆಕ್ಸ್ಟ್ ಟೈಮ್ ದೇ ವಿಲ್ ಕಾಲ್ ಯೂ ಆಲ್ಸೋ."